ಬೆಂಗಳೂರು: ಕ್ರೀಡಾಂಗಣಗಳು ಮತ್ತು ಕ್ರೀಡಾ ಪರಂಪರೆ

ಬೆಂಗಳೂರಿನ ಹಲವು ಪ್ರಮುಖ ಕ್ರೀಡಾಂಗಣಗಳು ಹಳೆಯ ಕೆರೆಯಂಗಳಗಳಲ್ಲಿ ಎದ್ದವು. ಸಂಪಂಗಿ ಕೆರೆಯ ಜಾಗದಲ್ಲಿ ಶ್ರೀ ಕಂಠೀರವ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಹೆಸರಿನ ಹಾಕಿ ಕ್ರೀಡಾಂಗಣ, ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಮೈದಾನ ಇವೆ.

ಸಂಪಂಗಿ ಕೆರೆಯಿಂದ ಕಂಠೀರವಕ್ಕೆ

ಪೇಟೆಗೂ ದಂಡಿಗೂ (ಕಂಟೋನ್ಮೆಂಟ್) ನಡುವೆ ಇದ್ದ ಸಂಪಂಗಿ ಕೆರೆಯನ್ನು ಕೆಂಪೇಗೌಡರ ಕಾಲದ್ದೆಂದು ಪರಂಪರೆ ಹೇಳುತ್ತದೆ. ಅದರ ನೀರಿನಲ್ಲಿ ತಿಗಳ ಸಮುದಾಯದವರು ತರಕಾರಿ, ಹೂವು ಬೆಳೆಯುತ್ತಿದ್ದರು. ಅಂಗಳದ ಮಣ್ಣು ಇಟ್ಟಿಗೆಗೆ ಹೋಗುತ್ತಿತ್ತು. ತೋಟದವರಿಗೆ ಕೆರೆ ತುಂಬಿರಬೇಕು, ಇಟ್ಟಿಗೆಯವರಿಗೂ ದಂಡಿನ ಪೋಲೊ ಆಟಗಾರರಿಗೂ ಅಂಗಳ ಒಣಗಿರಬೇಕು. ಈ ತಿಕ್ಕಾಟ ದಶಕಗಳ ಕಾಲ ನಡೆಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಊರಿಗೆ ಕೆರೆಯ ಅಗತ್ಯ ಕುಗ್ಗಿತು. ಕೆರೆ ಬತ್ತಿದ್ದಕ್ಕೆ ಮಳೆಯ ಕೊರತೆಗಿಂತ ಇದೇ ದೊಡ್ಡ ಕಾರಣವಿರಬೇಕು. ಕರಗ ಉತ್ಸವದ ವಿಧಿಗಳಿಗೆ ಬೇಕಾದ ಪುಟ್ಟ ಕೊಳವೊಂದು ಮಾತ್ರ ಕ್ರೀಡಾಂಗಣದ ಪಕ್ಕದಲ್ಲಿ ಉಳಿದಿದೆ. ತೋಟಗಳನ್ನು ಕಳೆದುಕೊಂಡ ಸಮುದಾಯವೇ ಇಂದಿಗೂ ಕರಗವನ್ನು ಹೊರುತ್ತಿದೆ ಎಂಬುದನ್ನು ಕ್ರೀಡೆಯ ಚರಿತ್ರೆ ಮರೆಯಬಾರದು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಂಠೀರವ ಮುಖ್ಯ ವೇದಿಕೆಯಾಯಿತು. 2014ರಿಂದ ಇದು ಬೆಂಗಳೂರು ಎಫ್‌ಸಿಯ ತವರು.

ಚಿನ್ನಸ್ವಾಮಿ ಕ್ರೀಡಾಂಗಣ

ಇಲ್ಲಿನ ಮೊದಲ ಟೆಸ್ಟ್ 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಡೆಯಿತು. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಆ ಪಂದ್ಯದಲ್ಲಿ. 2017ರಲ್ಲಿ ಮೈದಾನದಡಿ ಸಬ್‌ಏರ್ ವ್ಯವಸ್ಥೆ ಬಂತು. ನೆಲದೊಳಗಿನ ಕೊಳವೆಗಳು ಮಳೆನೀರನ್ನು ಹೀರಿ ತೆಗೆಯುವುದರಿಂದ ಜೋರು ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಆಟ ಶುರುಮಾಡಬಹುದು. 2025ರ ಜೂನ್ 4ರಂದು ಐಪಿಎಲ್ ಗೆಲುವಿನ ಸಂಭ್ರಮಕ್ಕೆ ನೆರೆದವರು ಗೇಟುಗಳ ಬಳಿ ನೂಕುನುಗ್ಗಲಿಗೆ ಸಿಲುಕಿ 11 ಮಂದಿ ಸತ್ತರು.

ಕ್ರೀಡಾ ಖ್ಯಾತಿ

ನಗರದ ಹೆಸರು ಕ್ರಿಕೆಟ್‌ನಿಂದ ಮಾತ್ರ ಬಂದದ್ದಲ್ಲ. ದಂಡಿನ ಫುಟ್‌ಬಾಲ್ ಸಾರಂಗಪಾಣಿ ರಾಮನ್ ಮತ್ತು ಅಹ್ಮದ್ ಖಾನ್ ಅವರನ್ನು 1948ರ ಲಂಡನ್ ಒಲಿಂಪಿಕ್ಸ್‌ಗೆ ಕಳಿಸಿತು. ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ರಾಮನ್ ಅವರದು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಯಾವ ಕ್ರೀಡಾಂಗಣದಲ್ಲೂ ಅಲ್ಲ, ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಸಭಾಂಗಣದಲ್ಲಿ. ಮದುವೆಯಿದ್ದ ದಿನ ಅಲ್ಲಿ ಅಭ್ಯಾಸಕ್ಕೆ ಜಾಗವಿರುತ್ತಿರಲಿಲ್ಲ.