ದೂರದ ಬೆಳಕು, ಕಾಲಬುಡದ ಬೆಳಕು



ಹಳೆಯ ವಿದ್ಯಾರ್ಥಿಯೊಬ್ಬರು ದೂರದೇಶದಿಂದ ಒಂದು ಪ್ರಶ್ನೆ ಕಳುಹಿಸಿದ್ದಾರೆ. "ಮೇಷ್ಟ್ರೇ, ಊರಿನಲ್ಲಿ ಅಪ್ಪ ಈಗಲೂ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುತ್ತಾರೆ. ಒಂದು ಒಳ್ಳೆಯ ಟಾರ್ಚು ಕೊಡಿಸೋಣವೆಂದರೆ ಅಂಗಡಿಯಲ್ಲಿ ನೂರು ಬಗೆ ಇವೆ. ಒಂದು ಅರ್ಧ ಕಿಲೋಮೀಟರ್ ದೂರ ಬೆಳಗುತ್ತದಂತೆ, ಇನ್ನೊಂದು ಅಂಗಳವನ್ನೆಲ್ಲ ತುಂಬುತ್ತದಂತೆ. ಯಾವುದನ್ನು ಆರಿಸಲಿ?" ಎಂದು ಕೇಳಿದ್ದಾರೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಾಗಿತ್ತು. ಆದರೆ ಈ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಅದನ್ನು ತಿಳಿದುಕೊಂಡರೆ ಉತ್ತರವೂ ತಾನಾಗಿ ದೊರೆಯುತ್ತದೆ ಎಂದು ತೋರಿದ್ದರಿಂದ ಈ ಲೇಖನ.

ನಂಜನಗೂಡಿಗೆ ಸಮೀಪದ ನಮ್ಮ ಕಳಲೆ ಹಿಂದೆ ಸಾಮಾನ್ಯ ಊರಲ್ಲ. 18ನೆಯ ಶತಮಾನದಲ್ಲಿ ಮೈಸೂರು ರಾಜ್ಯದ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದ ದಳವಾಯಿ ದೇವರಾಜಯ್ಯ, ಕರಾಚೂರಿ ನಂಜರಾಜಯ್ಯ ಸೋದರರ ಮನೆತನದ ಊರು ಇದು. ಅಂಥ ಊರಿನಲ್ಲಿಯೂ ಇರುಳಿನ ಬೆಳಕೆಂದರೆ ಎಣ್ಣೆಯ ಬೆಳಕೇ. ಒಳಮನೆಯಲ್ಲಿ ಹರಳೆಣ್ಣೆಯ ಹಣತೆ, ಆಮೇಲೆ ಸೀಮೆಎಣ್ಣೆಯ ಬುಡ್ಡಿ. ಕೊಟ್ಟಿಗೆಗೂ ಹಿತ್ತಿಲಿಗೂ ಗಾಜಿನ ಬುರುಡೆಯ ಲಾಟೀನು. ದೇವರ ಉತ್ಸವಕ್ಕೆ ಪಂಜು, ದೀವಟಿಗೆ. ಮದುವೆಗೂ ನಾಟಕಕ್ಕೂ ಬುಸುಗುಟ್ಟುವ ಗ್ಯಾಸ್‌ಲೈಟು.

ಇವೆಲ್ಲಕ್ಕೂ ಒಂದು ಸಮಾನ ಗುಣವಿತ್ತು. ಅವುಗಳ ಬೆಳಕು ಸುತ್ತಲೂ ಹರಡುತ್ತಿತ್ತೇ ಹೊರತು ಒಂದು ದಿಕ್ಕಿಗೆ ಓಡುತ್ತಿರಲಿಲ್ಲ. ಆದ್ದರಿಂದಲೇ ಪಲ್ಲಕ್ಕಿಯ ಮುಂದೆ ಪಂಜಿನವರು ನಡೆಯುತ್ತಿದ್ದರು. ಬೆಳಕನ್ನು ಮುಂದಕ್ಕೆ ಎಸೆಯುವ ಉಪಾಯವಿಲ್ಲದ್ದರಿಂದ, ಬೆಳಕನ್ನೇ ಹೊತ್ತುಕೊಂಡು ಮುಂದೆ ಹೋಗಬೇಕಾಗಿತ್ತು. ಲಾಟೀನನ್ನು ನಮ್ಮ ಹಿರಿಯರು ಮೊಣಕಾಲಿನ ಮಟ್ಟದಲ್ಲಿ ತೂಗಾಡಿಸುತ್ತ ನಡೆಯುತ್ತಿದ್ದರು. ಮೇಲಕ್ಕೆತ್ತಿದರೆ ಅದರ ಬೆಳಕು ಕಣ್ಣಿಗೇ ಕುಕ್ಕುತ್ತಿತ್ತು. ಹತ್ತು ಹೆಜ್ಜೆಯಾಚೆ ಏನಿದೆಯೆಂಬುದು ಅದಕ್ಕೆ ತಿಳಿಯದು. ಆದರೆ ಕಾಲಿಡುವ ಜಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಕಬಿನಿಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆಯಷ್ಟೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ಅದರ ಬೆಳಕು ಬಂತು. ನಮ್ಮ ಗದ್ದೆಗಳ ಪಕ್ಕದಲ್ಲೇ ಹರಿದು ಹೋದ ನೀರು ದೂರದ ಪಟ್ಟಣಗಳನ್ನು ಬೆಳಗಿತು. ನಮ್ಮ ಗದ್ದೆಯ ಬದುಗಳ ಮೇಲೆ ಮಾತ್ರ ಕತ್ತಲೆ ಹಾಗೆಯೇ ಉಳಿಯಿತು. ಆ ಕತ್ತಲೆಗೆ ಮದ್ದಾಗಿ ಬಂದದ್ದು ತಂತಿಯ ವಿದ್ಯುತ್ತಲ್ಲ, ಕೊಳವೆಯಲ್ಲಿ ತುಂಬಿಸಿದ ವಿದ್ಯುತ್ತು.

ಅದರ ಕಥೆ ಯೂರೋಪಿನಲ್ಲಿ ಮೊದಲಾಗುತ್ತದೆ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಎಂಬುವನು ಸತು ಮತ್ತು ಇಂಗಾಲದ ಕೋಶವನ್ನು ರಚಿಸಿದನು. ಒಳಗೆ ದ್ರವವಿದ್ದುದರಿಂದ ಅದನ್ನು ಕೈಯಲ್ಲಿ ಹಿಡಿದು ಓಡಾಡುವಂತಿರಲಿಲ್ಲ. ಸುಮಾರು 20 ವರ್ಷಗಳ ಅನಂತರ ಜರ್ಮನಿಯ ಗಾಸ್ನರ್ ಅದನ್ನು ಚೆಲ್ಲದಂಥ ಒಣಕೋಶವಾಗಿ ಮಾರ್ಪಡಿಸಿದನು. 1899ರ ಜನವರಿ 10ರಂದು ಅಮೆರಿಕೆಯಲ್ಲಿ ಡೇವಿಡ್ ಮಿಸೆಲ್ ಎಂಬುವನಿಗೆ ಕೊಳವೆಯಾಕಾರದ ವಿದ್ಯುದ್ದೀಪದ ಹಕ್ಕುಪತ್ರ ದೊರೆಯಿತು. ಆಗಿನ ಸೆಲ್ಲುಗಳು ಎಷ್ಟು ದುರ್ಬಲವೆಂದರೆ, ದೀಪವನ್ನು ಕ್ಷಣಕಾಲ ಮಿನುಗಿಸಿ ಆರಿಸಿಬಿಡಬೇಕಾಗಿತ್ತು. ಅಮೆರಿಕನ್ನರು ಅದನ್ನು ಇಂದಿಗೂ ಫ್ಲ್ಯಾಶ್‌ಲೈಟ್ ಎನ್ನುವುದು ಇದೇ ಕಾರಣಕ್ಕೆ. ಆಮೇಲೆ ಟಂಗ್‌ಸ್ಟನ್ ತಂತಿಯ ಬಲ್ಬು ಬಂದ ಮೇಲಷ್ಟೇ ಅದು ನಂಬಿಕೆಗೆ ಅರ್ಹವಾದ ದೀಪವಾಯಿತು.

ಆಂಗ್ಲರು ಇದನ್ನು ಟಾರ್ಚ್ ಎಂದರು. ಆ ಮಾತಿನ ಮೊದಲ ಅರ್ಥ ಪಂಜು ಎಂದೇ. ದಸರೆಯ ಕೊನೆಯ ರಾತ್ರಿ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತಿನ ಇಂಗ್ಲಿಷ್ ಹೆಸರಿನಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ನಮ್ಮ ಹಳ್ಳಿಯವರಾದರೋ ಅದಕ್ಕೆ ಬ್ಯಾಟರಿ ಎಂದೇ ಹೆಸರಿಟ್ಟರು. ಎರಡು ಸೆಲ್ಲಿನ ಬ್ಯಾಟರಿ, ಮೂರು ಸೆಲ್ಲಿನ ಬ್ಯಾಟರಿ ಎಂದು ಅದರ ಅಂತಸ್ತು. ಹೊರದೇಶದಿಂದ ಬರುತ್ತಿದ್ದ ಸೆಲ್ಲುಗಳನ್ನು ಎವೆರೆಡಿ ಕಂಪನಿಯು 1939ರ ಹೊತ್ತಿಗೆ ಕಲ್ಕತ್ತೆಯಲ್ಲೇ ತಯಾರಿಸತೊಡಗಿತು. 1958ರಲ್ಲಿ ಲಕ್ನೋದಲ್ಲಿ ಟಾರ್ಚಿನ ಕಾರ್ಖಾನೆಯೂ ಆಯಿತು.

1970ರ ದಶಕದಲ್ಲಿ ನಮ್ಮ ಮನೆಯ ನಡುಗಂಬದ ಮೊಳೆಗೆ ಮೂರು ಸೆಲ್ಲಿನ ಹಿತ್ತಾಳೆಯ ಬ್ಯಾಟರಿಯೊಂದು ತೂಗಾಡುತ್ತಿತ್ತು. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಸೆಲ್ಲು ಸೊರಗಿದಾಗ ನಮ್ಮ ತಂದೆಯವರು ಅವನ್ನು ಜಗಲಿಯ ಮೇಲೆ ಬಿಸಿಲಿಗಿಡುತ್ತಿದ್ದರು. ಬಿಸಿ ತಗುಲಿದ ಸೆಲ್ಲು ಇನ್ನೆರಡು ರಾತ್ರಿ ದುಡಿಯುತ್ತಿತ್ತು. ಅದರ ತಲೆಯನ್ನು ತಿರುಗಿಸಿದರೆ ಬಲ್ಬು ಬಟ್ಟಲಿನೊಳಗೆ ಹಿಂದೆ ಮುಂದೆ ಸರಿಯುತ್ತಿತ್ತು. ಬಿಗಿಯಾಗಿ ತಿರುಗಿಸಿದಾಗ ತೆಂಗಿನ ಮರದ ಸುಳಿಯಲ್ಲಿರುವ ಗೂಬೆಯೂ ಕಾಣುತ್ತಿತ್ತು. ಸಡಿಲಿಸಿದಾಗ ದೊಡ್ಡ ಬಳೆಯಂಥ ಬೆಳಕು ಬಿದ್ದು ನಡುವೆ ಕಪ್ಪು ತೂತೊಂದು ಉಳಿಯುತ್ತಿತ್ತು. ಆ ಕಪ್ಪು ತೂತನ್ನು ಕುರಿತು ತಂದೆಯವರು, "ಇರಬಾರದ್ದು ಇರುವುದು ಅಲ್ಲೇ" ಎನ್ನುತ್ತಿದ್ದರು.

ಅವರ ಮಾತು ತಮಾಷೆಯದಾಗಿರಲಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಒಂದು ರಾತ್ರಿ ನೀರು ತಿರುಗಿಸಲು ಹೋಗಿದ್ದರು. ಕೈಯಲ್ಲಿ ಒಳ್ಳೆಯ ಬ್ಯಾಟರಿಯೇ ಇತ್ತು. ಬೆಳಕನ್ನು ದೂರದ ತೂಬಿನ ಕಡೆಗೆ ಬಿಟ್ಟುಕೊಂಡು ನಡೆಯುತ್ತಿದ್ದಾಗ ಬದುವಿನ ಮೇಲೆ ಮಲಗಿದ್ದ ಮಂಡಲದ ಹಾವನ್ನು ತುಳಿದರು. ಮೈಸೂರಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಬದುಕಿ ಬಂದರಾದರೂ ಆ ಕಾಲಿಗೆ ಮೊದಲಿನ ಶಕ್ತಿ ಮರಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಟಾರ್ಚಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಇದರ ಹಿಂದಿನ ಲೆಕ್ಕವನ್ನು ಒಂಬತ್ತನೆಯ ತರಗತಿಯ ಗೋಡೆಯ ಮೇಲೆ ನಾನು ತೋರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ಹಿಡಿದ ಟಾರ್ಚನ್ನು ಎರಡು ಮೀಟರಿಗೆ ಒಯ್ದರೆ ಬೆಳಕಿನ ವೃತ್ತದ ಅಗಲ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಬೆಳಕು ಅಷ್ಟೇ ಇರುವುದರಿಂದ ಗೋಡೆಯ ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ಪಟ್ಟು ದೂರ ಕಾಣಬೇಕಾದರೆ ನಾಲ್ಕು ಪಟ್ಟು ತೀಕ್ಷ್ಣತೆ ಬೇಕು. ಅದಕ್ಕಿರುವ ದಾರಿ ಎರಡೇ. ಬೆಳಕನ್ನು ಹೆಚ್ಚು ಹುಟ್ಟಿಸಬೇಕು, ಇಲ್ಲವೆ ಇರುವುದನ್ನು ಕಿರಿದಾದ ಕೋನದಲ್ಲಿ ಕೂಡಿಸಬೇಕು. 6 ಡಿಗ್ರಿಯ ಕಿರಿದಾದ ಕೋಲು 100 ಮೀಟರ್ ದೂರದಲ್ಲಿ ಸುಮಾರು 10 ಮೀಟರ್ ಅಗಲದ ವೃತ್ತವಾಗುತ್ತದೆ. ಅದೇ ಕೋಲು ನಿಮ್ಮ ಮುಂದೆ 2 ಮೀಟರಿನಲ್ಲಿ ಊಟದ ತಟ್ಟೆಯಷ್ಟು ಮಾತ್ರ. 60 ಡಿಗ್ರಿಯ ಹರವಾದ ಬೆಳಕಾದರೆ ಅದೇ 2 ಮೀಟರಿನಲ್ಲಿ ಎರಡೂಕಾಲು ಮೀಟರಿಗೂ ಹೆಚ್ಚು ಅಗಲ, ಬದುವಿನ ಎರಡೂ ಮಗ್ಗುಲನ್ನು ತೋರಿಸುತ್ತದೆ.

ಎಲ್‌ಇಡಿ ಬಂದ ಮೇಲೆ ಬೆಳಕಿನ ಬಡತನ ನೀಗಿತು. 1990ರ ದಶಕದ ಮೊದಲಲ್ಲಿ ಜಪಾನಿನಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧವಾಯಿತು. ಅದರಿಂದಲೇ ಬಿಳಿಯ ಬೆಳಕೂ ಸಾಧ್ಯವಾಯಿತು. ಅಕಸಾಕಿ, ಅಮಾನೊ, ನಾಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರ ನೊಬೆಲ್ ಪ್ರಶಸ್ತಿ ಬಂದದ್ದು ಇದಕ್ಕೇ. ಹಿಂದಿನ ಎರಡು ಸೆಲ್ಲಿನ ಟಾರ್ಚು ಹತ್ತು ಹದಿನೈದು ಲ್ಯೂಮೆನ್ ಬೆಳಕು ಕೊಟ್ಟರೆ ಹೆಚ್ಚು. ಇಂದು ಅಂಗೈಯಗಲದ ಟಾರ್ಚೂ ನೂರಾರು ಲ್ಯೂಮೆನ್ ಕೊಡುತ್ತದೆ. ಆದರೆ ಲ್ಯೂಮೆನ್ ಎಂಬುದು ಒಟ್ಟು ಬೆಳಕಿನ ಅಳತೆಯೇ ಹೊರತು ದೂರದ ಅಳತೆಯಲ್ಲ. ಕೊಡದಲ್ಲಿ ಎಷ್ಟು ನೀರಿದೆಯೆಂದು ಹೇಳಿದರೆ ಅದನ್ನು ಪಾತಿಗೆ ಹರಡಿದರೋ ಕೊಳವೆಯಿಂದ ಚಿಮ್ಮಿಸಿದರೋ ತಿಳಿಯುವುದಿಲ್ಲವಷ್ಟೆ. ಚಿಮ್ಮುವ ತೀಕ್ಷ್ಣತೆಗೆ ಕ್ಯಾಂಡೆಲಾ ಎಂಬ ಬೇರೆ ಅಳತೆಯಿದೆ.

2009ರಲ್ಲಿ ಅಮೆರಿಕೆಯಲ್ಲಿ ಟಾರ್ಚುಗಳಿಗೆಂದೇ ಒಂದು ಮಾನದಂಡ ರೂಪುಗೊಂಡಿತು. ಅದರ ಪ್ರಕಾರ ಟಾರ್ಚಿನ ದೂರವೆಂದರೆ ಅದರ ಬೆಳಕು 0.25 ಲಕ್ಸಿಗೆ ಇಳಿಯುವ ಸ್ಥಳ. ಇದು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟು. 10,000 ಕ್ಯಾಂಡೆಲಾದ ಟಾರ್ಚಿಗೆ ಈ ದೂರ 200 ಮೀಟರ್, 40,000 ಕ್ಯಾಂಡೆಲಾದ್ದಕ್ಕೆ 400 ಮೀಟರ್. ಬೆಳದಿಂಗಳಿನಲ್ಲಿ ಆಕಾರ ಕಾಣುತ್ತದೆ, ಗುರುತು ಹತ್ತುವುದು ಕಷ್ಟ. ಹಾಗಾಗಿ ಡಬ್ಬಿಯ ಮೇಲೆ ಅಚ್ಚಾದ ದೂರವನ್ನು ಮೂರರಿಂದ ಭಾಗಿಸಿಕೊಳ್ಳಿರಿ. ಅಲ್ಲಿ ಬೆಳಕು ಒಂಬತ್ತು ಪಟ್ಟಾಗಿ, ನಿಂತಿರುವುದು ಹಸುವೋ ಬೇರೆಯೋ ಎಂಬುದು ತಿಳಿಯುತ್ತದೆ. ಕ್ಯಾಂಡೆಲಾ, ಮೀಟರುಗಳ ಸುದ್ದಿಯಿಲ್ಲದೆ ಬರಿದೆ ಸಾವಿರಗಟ್ಟಲೆ ಲ್ಯೂಮೆನ್ ಎಂದು ಕೂಗುವ ಅಗ್ಗದ ಡಬ್ಬಿಯನ್ನು ನಂಬಬೇಕಾಗಿಲ್ಲ.

ಹಾಗಾದರೆ ರಾತ್ರಿ ಗದ್ದೆಗೆ ಹೋಗುವವನಿಗೆ ದೂರ ಬೇಕೋ ಹರವು ಬೇಕೋ? ನಮ್ಮ ಸೀಮೆಯಲ್ಲಿ ಎರಡಕ್ಕೂ ಕಾರಣವಿದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲೊಬ್ಬ ಹನ್ನೊಂದು ವರ್ಷದ ಬಾಲಕ. ಆ ಸುದ್ದಿ ಕೇಳಿದ ಮೇಲೆ ಎಲ್ಲರಿಗೂ ದೂರ ಬೀಳುವ ಟಾರ್ಚೇ ಬೇಕೆನಿಸಿದ್ದು ಸಹಜ. ಚಿರತೆಯ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವಿರುವುದರಿಂದ ಕಿರಿದಾದ, ತೀಕ್ಷ್ಣವಾದ ಬೆಳಕು ಬಿದ್ದಾಗ ಅದರ ಕಣ್ಣು ದೂರದಿಂದಲೇ ಹೊಳೆಯುತ್ತದೆ. ಟಾರ್ಚನ್ನು ನಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದರೆ ಆ ಹೊಳಪು ಚೆನ್ನಾಗಿ ಕಾಣುತ್ತದೆ.

ಹಾವಿನ ಕಣ್ಣು ಹಾಗೆ ಹೊಳೆಯುವುದಿಲ್ಲ. ಅದು ತನ್ನ ಇರವನ್ನು ತಿಳಿಸುವುದೇ ಇಲ್ಲ, ನೆಲ ಕಂಡರೆ ಮಾತ್ರ ಹಾವು ಕಂಡೀತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ 58,000. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಸಂಗತಿಯೆಂದು ಘೋಷಿಸಿತು. ಚಿರತೆಯ ಭಯ ದೊಡ್ಡದು, ಹಾವಿನ ಅಪಾಯ ಅದಕ್ಕಿಂತ ದೊಡ್ಡದು. ಆದ್ದರಿಂದ ಒಂದೇ ಟಾರ್ಚು ಕೊಳ್ಳುವುದಾದರೆ ಹರವಾದ ಬೆಳಕಿನದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಎರಡು ಕೊಳ್ಳುವ ಶಕ್ತಿಯಿದ್ದರೆ ಹೀಗೆ ಮಾಡಬಹುದು. ನಡೆಯುವಾಗ ಕೈಯಲ್ಲಿ ಸದಾ ಉರಿಯುತ್ತಿರಲು ನೂರಿನ್ನೂರು ಲ್ಯೂಮೆನ್ನಿನ, ಅಗಲವಾಗಿ ಹರಡುವ ಟಾರ್ಚು ಸಾಕು. ಅದನ್ನು ಸೊಂಟಕ್ಕಿಂತ ಕೆಳಗೆ, ಹಳೆಯ ಲಾಟೀನಿನಂತೆ ಹಿಡಿಯಬೇಕು. ಬೆಳಕು ತಗ್ಗಿನಿಂದ ಬಿದ್ದಾಗ ಕಲ್ಲು, ಕಡ್ಡಿ, ಹಾವುಗಳ ನೆರಳು ಉದ್ದವಾಗಿ ಬಿದ್ದು ಉಬ್ಬುತಗ್ಗು ಎದ್ದು ಕಾಣುತ್ತದೆ. ಹಣೆಗೆ ಕಟ್ಟುವ ದೀಪದಿಂದ ಎರಡೂ ಕೈ ಬಿಡುವಾಗುತ್ತದೆ, ಗುದ್ದಲಿ ಹಿಡಿದವರಿಗೆ ಅದು ಅನುಕೂಲ. ಆದರೆ ಕಣ್ಣಿನ ಪಕ್ಕದಿಂದಲೇ ಬೆಳಕು ಹೊರಡುವುದರಿಂದ ನೆರಳು ಕಾಣದೆ ನೆಲ ಚಪ್ಪಟೆಯಾಗಿ ತೋರುತ್ತದೆ. ಪುಷ್ಯಮಾಸದ ಮಂಜಿನಲ್ಲಂತೂ ಕಣ್ಣೆದುರು ಬಿಳಿಯ ಗೋಡೆಯೇ ಎದ್ದು ನಿಲ್ಲುತ್ತದೆ. ಎರಡನೆಯದಾಗಿ, ಆಳವಾದ ನುಣುಪು ಬಟ್ಟಲಿನ, 300 ಮೀಟರ್ ಎಂದು ನಮೂದಾದ ಕಿರುಗೋಲಿನ ಟಾರ್ಚನ್ನು ಹೆಗಲ ಚೀಲದಲ್ಲಿಟ್ಟುಕೊಳ್ಳಬಹುದು. ಪಂಪ್‌ಮನೆ ತಲುಪಿದಾಗ, ನಾಯಿ ಬೊಗಳಿದಾಗ, ನಿಂತು ಸುತ್ತ ಒಮ್ಮೆ ಬೆಳಕು ಹಾಯಿಸಿ ನೋಡುವುದಕ್ಕೆ ಅದು. ಅದನ್ನು ಹಿಡಿದುಕೊಂಡು ನಡೆಯಬಾರದು, ನಿಂತೇ ನೋಡಬೇಕು. ಎದುರಿಗೆ ಬರುವ ಸೈಕಲ್ಲಿನವನ ಮುಖಕ್ಕೆ ಬಿಡಲೂ ಬಾರದು.

ಇನ್ನೊಂದು ಮಾತು. ಹಳೆಯ ಸೆಲ್ಲು ಕೆಂಪಗಾಗುತ್ತ ಮುನ್ಸೂಚನೆ ಕೊಟ್ಟು ಸಾಯುತ್ತಿತ್ತು. ಇಂದಿನ ಹಲವು ಲಿಥಿಯಂ ಟಾರ್ಚುಗಳು ಕೊನೆಯವರೆಗೆ ಸಮನಾಗಿ ಉರಿದು ಒಮ್ಮೆಗೇ ಆರಿಹೋಗುತ್ತವೆ. ಆದ್ದರಿಂದ ವಾರಕ್ಕೊಂದು ದಿನ ಚಾರ್ಜ್ ಮಾಡುವ ನಿಯಮವಿರಲಿ. ರಾತ್ರಿ ಹೊತ್ತು ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವಿನ ಸಲುವಾಗಿ ಹಿರಿಯರ ಹಾಸಿಗೆಯ ಬಳಿಯೂ ಒಂದು ಸಣ್ಣ ಹರವಿನ ಟಾರ್ಚಿರಲಿ. ಹಾವು ಕಚ್ಚಿದರೆ ಮಂತ್ರ, ಕಟ್ಟು, ಕೊಯ್ತಗಳಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ನಿಮ್ಮ ಮನೆಗಳಲ್ಲಿ ಬ್ಯಾಟರಿ ಮೊದಲು ಬಂದದ್ದು ಯಾವಾಗ, ಅದಕ್ಕೂ ಹಿಂದೆ ರಾತ್ರಿ ನೀರು ಕಟ್ಟಲು ಹೋಗುತ್ತಿದ್ದವರು ಏನು ಹಿಡಿದು ಹೋಗುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ನನಗೆ ಬರೆಯಿರಿ. ಅವರಿರುವಾಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.