ಮೂಗುದಾರ, ಹದ್ದುಬಸ್ತು, ಕಂಟ್ರೋಲ್: ಕನ್ನಡದ ಹತೋಟಿ ಪದಗಳ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಕಚೇರಿಯ ಪತ್ರದ ಧಾಟಿಯಲ್ಲೇ ಆರಂಭವಾಗುತ್ತದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಅಲ್ಲಿಯ ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಬಳಿಕ ಅರಸನ ಅಪ್ಪಣೆಯನ್ನು ತಿಳಿಸುತ್ತಾರೆ. ಮೌರ್ಯರ ಕಾಲಕ್ಕೆ ಮಹಾಮಾತ್ರನೆಂದರೆ ಮೇಲ್ದರ್ಜೆಯ ಅಧಿಕಾರಿ. ಸಂಸ್ಕೃತದಲ್ಲಿ ಅದೇ ಪದ ಆನೆ ನಡೆಸುವವನಿಗೂ ಸಂದಿತು; ಪ್ರಾಕೃತದ ಬಾಯಲ್ಲಿ ಸವೆದು ಇಂದಿನ ‘ಮಾವುತ’ ಆಯಿತು. ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ಆನೆಯ ಕತ್ತಿನ ಮೇಲೆ ಕೂತವನಿಗೆ ಸಲ್ಲುತ್ತಿರುವುದು ಒಂದು ಕಾಲದ ರಾಜಾಧಿಕಾರಿಯ ಹುದ್ದೆಯ ಹೆಸರು.

ಕಚೇರಿಗೂ ಕೊಟ್ಟಿಗೆಗೂ ನಡುವೆ ಪದಗಳು ಹೀಗೆ ಹೋಗಿ ಬಂದದ್ದು ಇದೊಂದೇ ಸಲವಲ್ಲ. ಆಡಳಿತದ ಭಾಷೆ ಮೇಲಿನಿಂದ ಇಳಿದು ಬಂದದ್ದು, ದನ ಕಾಯುವವರ ಭಾಷೆ ನೆಲದಲ್ಲೇ ಹುಟ್ಟಿದ್ದು ಎಂದು ಎರಡನ್ನೂ ಬೇರೆ ಬೇರೆಯಾಗಿ ಓದುವ ರೂಢಿ ನಮ್ಮಲ್ಲಿದೆ. ಹತೋಟಿಯನ್ನು ಸೂಚಿಸುವ ಪದಗಳ ಮಟ್ಟಿಗೆ ಆ ವಿಂಗಡಣೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಅಶೋಕನ ಶಾಸನಗಳಲ್ಲೇ ಬರುವ ಇನ್ನೊಬ್ಬ ಅಧಿಕಾರಿ ರಜ್ಜುಕ. ‘ರಜ್ಜು’ ಎಂದರೆ ಹಗ್ಗ. ಹಗ್ಗ ಹಿಡಿದು ನೆಲ ಅಳೆಯುವ ಕೆಲಸದಿಂದ ಈ ಹೆಸರು ಬಂತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಇಂದಿನ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಈ ರಜ್ಜುಕನ ಜೊತೆಗೆ ಆನೆ ಏರುವವರು, ಕರಣಿಕರು, ರಥ ನಡೆಸುವ ವಿದ್ಯೆ ಕಲಿಸುವವರು ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಪ್ರಾಣಿ ಪಳಗಿಸುವವರನ್ನೂ ಲೆಕ್ಕ ಬರೆಯುವವರನ್ನೂ ಒಟ್ಟಿಗೆ ಎಣಿಸುವುದು ಆ ಕಾಲಕ್ಕೆ ಸಹಜವಾಗಿತ್ತು.

ಹಗ್ಗದ ಈ ನಂಟು ಮುಂದೆ ದಖನ್ನಿನ ಸುಲ್ತಾನರ ಮತ್ತು ಮರಾಠರ ದಫ್ತರಗಳ ಮೂಲಕ ಇನ್ನೊಮ್ಮೆ ಕನ್ನಡಕ್ಕೆ ಬಂತು, ಈ ಸಲ ಅರಬ್ಬಿ–ಪಾರಸಿ ವೇಷದಲ್ಲಿ. ‘ಹದ್ದು’ ಅರಬ್ಬಿಯ ಎಲ್ಲೆ. ‘ಬಸ್ತು’ ಪಾರಸಿಯಲ್ಲಿ ಕಟ್ಟುವುದು. ಎರಡೂ ಸೇರಿ ಹದ್ದುಬಸ್ತು. ಪಕ್ಕದವನು ಬದು ಒತ್ತಿದನೆಂಬ ಗುಮಾನಿ ಬಂದರೆ ರೈತ ಇಂದಿಗೂ ಕೊಡುವುದು ಹದ್ದುಬಸ್ತಿನ ಅರ್ಜಿ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಪದ್ಧತಿಯ ಕಂದಾಯ ಮೋಜಣಿ ಶುರುವಾಯಿತು. ಆ ಪದ್ಧತಿಯ ಅಳತೆಯ ಸರಪಳಿ 33 ಅಡಿಯದು, ಅದರಲ್ಲಿ 16 ಆಣೆ. ಸರಪಳಿಯುದ್ದದ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ರಜ್ಜುಕನ ಹಗ್ಗ ಹೋಗಿ ಕಬ್ಬಿಣದ ಸರಪಳಿ ಬಂತು, ಕಟ್ಟುವ ಅರ್ಥ ಹಾಗೇ ಉಳಿಯಿತು. ಅಮ್ಮಂದಿರು ‘ಮಗನನ್ನು ಹದ್ದುಬಸ್ತಿನಲ್ಲಿ ಇಟ್ಟುಕೋ’ ಎನ್ನುವಾಗ ಯಾರಿಗೂ ಮೋಜಣಿದಾರನ ನೆನಪಾಗುವುದಿಲ್ಲ! ‘ಬಂದೋಬಸ್ತು’ ಇದರ ಸೋದರ. ಅದರ ಎರಡು ತುಂಡುಗಳೂ ಕಟ್ಟುವಿಕೆಯೇ. ಕಂದಾಯದ ನಿಗದಿಗೆ ಹೇಳುತ್ತಿದ್ದ ಈ ಮಾತನ್ನು ಈಗ ಗಣೇಶ ಚತುರ್ಥಿಯ ಮೆರವಣಿಗೆಗೆ ಕಾವಲು ನಿಂತ ಪೊಲೀಸರು ಪೂರ್ತಿ ತಮ್ಮದಾಗಿಸಿಕೊಂಡಿದ್ದಾರೆ.

ಕೊಟ್ಟಿಗೆಯ ಪದಗಳು ಇಷ್ಟು ದೂರ ಅಲೆದಿಲ್ಲ. ‘ಮೂಗುದಾರ’ಕ್ಕೆ ವ್ಯಾಖ್ಯಾನವೇ ಬೇಡ. ಹೋರಿಗರುವಿನ ಎರಡು ಹೊಳ್ಳೆಗಳ ನಡುವಿನ ತೆಳು ಪೊರೆಯನ್ನು ಚುಚ್ಚಿ ಹಗ್ಗ ಪೋಣಿಸಿದರೆ, ಮಣಗಟ್ಟಲೆ ತೂಗುವ ಎತ್ತೂ ಎರಡು ಬೆರಳಿನ ಎಳೆತಕ್ಕೆ ಕತ್ತು ಹೊರಳಿಸುತ್ತದೆ. ‘ಕಡಿವಾಣ’ದಲ್ಲಿ ಇರುವುದು ಹಲ್ಲಿನಿಂದ ಕಚ್ಚುವ ‘ಕಡಿ’. ಮಲಯಾಳದ ‘ಕಡಿಞ್ಞಾಣ್’ ರೂಪದಲ್ಲಿ ಕಚ್ಚುವಿಕೆ ಮತ್ತು ಹುರಿ ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. ‘ಲಗಾಮು’ ಮಾತ್ರ ದೂರದಿಂದ ಬಂದದ್ದು, ಪಾರಸಿಯದು. ಅರಬ್ಬೀ ಕುದುರೆಗಳು ಕಡಲು ದಾಟಿ ಭಟ್ಕಳ, ಗೋವೆಗಳಲ್ಲಿ ಇಳಿದು ವಿಜಯನಗರಕ್ಕೆ ಹೋಗುತ್ತಿದ್ದ ಕಾಲದಲ್ಲಿ ಇಂಥ ಪದ ಕುದುರೆಯ ಜೊತೆಗೇ ಬರುವುದು ಅಚ್ಚರಿಯಲ್ಲ. ಪತ್ರಿಕೆಗಳಿಗೆ ಮಾತ್ರ ಈ ಎರಡರ ನಡುವೆ ಭೇದವಿಲ್ಲ. ಬೆಲೆ ಏರಿಕೆಗೆ ಒಂದು ದಿನ ಕಡಿವಾಣ, ಮರುದಿನ ಲಗಾಮು.

ನಿಯಂತ್ರಿಸುವವನ ಮತ್ತು ಅವನ ಸಾಧನಗಳ ಹೆಸರುಗಳು ಹೀಗಾದರೆ, ನಿಯಂತ್ರಣಕ್ಕೆ ಒಳಗಾಗುವುದರ ಹೆಸರುಗಳೇನು? ಇಲ್ಲಿ ಅಮರಕೋಶ ಬಹಳ ಉಪಯುಕ್ತ. ಹಾಲು ಬಿಟ್ಟು ಪಳಗಿಸುವ ವಯಸ್ಸಿಗೆ ಬಂದ ಕರುವಿಗೆ ಅಮರಸಿಂಹ ಕೊಡುವ ಪದ ‘ದಮ್ಯ’, ಅಂದರೆ ದಮಿಸಲು ತಕ್ಕದ್ದು. ಮನುಷ್ಯರ ಪಟ್ಟಿಯಲ್ಲಿ ವಿಧೇಯ, ವಶ್ಯ, ಪ್ರಣೇಯ ಬರುತ್ತವೆ. ಹೇಳಿದಂತೆ ಮಾಡಿಸಬಹುದಾದವನು, ವಶಕ್ಕೆ ತರಬಹುದಾದವನು, ಹಿಡಿದು ನಡೆಸಬಹುದಾದವನು. ವ್ಯಾಕರಣದ ಕಣ್ಣಿಗೆ ದಮ್ಯ ಮತ್ತು ವಿಧೇಯ ಒಂದೇ ಅಚ್ಚಿನವು. ಒಂದು ಕರುವಿಗೆ, ಇನ್ನೊಂದು ಆಳಿಗೆ. ರಜೆ ಚೀಟಿಯ ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯ’ ಎಂದು ಸಹಿ ಹಾಕುವ ಗುಮಾಸ್ತ, ಪದದ ಮಟ್ಟಿಗೆ, ಆ ಕರುವಿನ ಸಾಲಿನಲ್ಲೇ ನಿಂತಿರುತ್ತಾನೆ. ದಮ್ಯ ಕನ್ನಡದಲ್ಲಿ ಬೇರು ಬಿಡಲಿಲ್ಲ. ನಮ್ಮ ರೈತರು ಅಂಥ ದನವನ್ನು ‘ಸಾಧು’ ಅಂದರು, ಸನ್ಯಾಸಿಯ ಪದವನ್ನು ಎತ್ತಿಗೆ ದಾಟಿಸಿದರು.

‘ನಿಯಂತ್ರಣ’ದ ಮೂಲ ‘ಯಮ್’ ಧಾತು, ಹಿಡಿದು ನಿಲ್ಲಿಸುವುದು. ಸಂಯಮ, ನಿಯಮಗಳೂ ಇದರಿಂದಲೇ. ‘ಯಂತ್ರ’ ಕೂಡ ಮೊದಲು ಹಿಡಿದಿಡುವ ಸಾಧನ, ಆಮೇಲಷ್ಟೇ ಮಿಷಿನ್ನು. ‘ನಿಯಂತೃ’ ಎಂದರೆ ಸಾರಥಿ. ರಘುವಂಶದ ಆರಂಭದಲ್ಲಿ ಕಾಳಿದಾಸ ದಿಲೀಪನನ್ನು ಇದೇ ಪದದಿಂದ ಕರೆದು, ಪ್ರಜೆಗಳನ್ನು ರಥಚಕ್ರದ ಅಂಚಿಗೆ ಹೋಲಿಸಿದ್ದಾನೆ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಈ ರಥ ಪೂರ್ತಿ ಮರೆಯಾಗಿದೆ. ‘ಚಾಲಕನ ನಿಯಂತ್ರಣ ತಪ್ಪಿ ಲಾರಿ ಪಲ್ಟಿ’ ಎಂಬ ಸುದ್ದಿಯ ಸಾಲಿನಲ್ಲಿ ಮಾತ್ರ ಪದ ತನ್ನ ಹಳೆಯ ಕಸುಬಿಗೆ ಮರಳುತ್ತದೆ.

‘ಅಂಕೆ’ಯ ಕಥೆ ಹೆಚ್ಚು ಜಟಿಲ. ಕನ್ನಡದಲ್ಲಿ ಅದು ಸಂಖ್ಯೆಯೂ ಹೌದು, ಹಿಡಿತವೂ ಹೌದು. ‘ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು’ ಎಂಬಲ್ಲಿ ಲೆಕ್ಕದ ಸುಳಿವೇ ಇಲ್ಲ. ಸಂಸ್ಕೃತದ ‘ಅಂಕ’ಕ್ಕೆ ಕೊಕ್ಕೆ, ಬಾಗು, ಗುರುತು, ಸಂಖ್ಯೆ ಇಷ್ಟೂ ಅರ್ಥಗಳಿವೆ, ಆನೆಯ ‘ಅಂಕುಶ’ವೂ ಬಾಗುವ ಅರ್ಥದ ಇದೇ ಬೇರಿನದು. ದನಗಳ ಕಿವಿಯ ಮೇಲಿನ ಗುರುತುಗಳನ್ನು ಹೇಳುವ ಪಾಣಿನಿಯ ಸೂತ್ರವೊಂದರಲ್ಲಿ ಸ್ವಸ್ತಿಕ, ಮಣಿಗಳ ನಡುವೆ ಎಂಟು, ಐದು ಎಂಬ ಸಂಖ್ಯೆಗಳೂ ಇವೆ. ಗುರುತು, ಸಂಖ್ಯೆ, ಒಡೆತನ ಮೂರೂ ಒಂದೇ ಕಿವಿಯ ಮೇಲೆ ಕೂಡಿದ ಸಮಾಜದಲ್ಲಿ ಅಂಕೆಗೆ ಎರಡರ್ಥ ಬಂದದ್ದು ಆಕಸ್ಮಿಕ ಎನ್ನಲು ನನಗೆ ಮನಸ್ಸಿಲ್ಲ.

‘ಹತೋಟಿ’ ಮರಾಠಿಯ ‘ಹಾತೋಟಿ’. ಅಲ್ಲಿ ಅದು ಕೈಚಳಕ, ಇಲ್ಲಿ ಹಿಡಿತ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಕೀಟಕ್ಕೂ ರೋಗಕ್ಕೂ ಇದೇ ಪದ. ‘ನಿರ್ವಹಿಸು’ ಮತ್ತು ‘ನಿಭಾಯಿಸು’ ಒಂದೇ ತಾಯಿಯ ಮಕ್ಕಳು. ಮೊದಲನೆಯದು ಸಂಸ್ಕೃತದಿಂದ ನೇರ ಬಂತು, ಎರಡನೆಯದು ಉತ್ತರದ ನುಡಿಗಳಲ್ಲಿ ಸವೆದು ಬಂತು. ಕಡತವನ್ನು ನಿರ್ವಹಿಸುತ್ತೇವೆ, ಸಂಸಾರವನ್ನು ನಿಭಾಯಿಸುತ್ತೇವೆ.

‘ಕಂಟ್ರೋಲ್’ ಮಧ್ಯಯುಗದ ಫ್ರೆಂಚ್ ಲೆಕ್ಕಿಗರ ಮಾತು. ಒಂದು ಸುರುಳಿಯಲ್ಲಿ ಬರೆದ ಲೆಕ್ಕವನ್ನು ತಾಳೆ ನೋಡಲೆಂದು ಇಡುತ್ತಿದ್ದ ಎರಡನೆಯ ಸುರುಳಿಯ ಹೆಸರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಧಾನ್ಯದ ಬೆಲೆ ಮತ್ತು ಹಂಚಿಕೆಗೆ ಕೈಹಾಕಿದಾಗ ಅದು ಜನರ ನಾಲಿಗೆಗೆ ಬಂತು. 1955ರ ಅಗತ್ಯ ವಸ್ತುಗಳ ಕಾಯ್ದೆ ಅದಕ್ಕೆ ಆಯುಸ್ಸು ಕೊಟ್ಟಿತು. ಕಂಟ್ರೋಲ್ ಅಂಗಡಿ, ಕಂಟ್ರೋಲ್ ಅಕ್ಕಿ, ಕಂಟ್ರೋಲ್ ಸೀಮೆಎಣ್ಣೆ ಎಂದಾಗ ಪದಕ್ಕೆ ಹತೋಟಿಯ ಅರ್ಥ ಹೋಗಿ ‘ಅಗ್ಗದ ದರದ್ದು’ ಎಂಬ ಅರ್ಥ ಬಂತು. ಆದರೂ ಅಂಗಡಿಯವನು ಕೊಟ್ಟ ಅಕ್ಕಿಯನ್ನು ಗಿರಾಕಿಯ ಕಾರ್ಡಿನಲ್ಲೊಮ್ಮೆ, ತನ್ನ ರಿಜಿಸ್ಟರಿನಲ್ಲೊಮ್ಮೆ ಬರೆಯುತ್ತಿದ್ದ. ಆಹಾರ ಇನ್ಸ್‌ಪೆಕ್ಟರು ಬಂದರೆ ಕೇಳುತ್ತಿದ್ದದ್ದು ಆ ಎರಡನ್ನೂ.