ಕರುಳಿನ ಅರ್ಬುದವೂ ನೋವಿನ ಮದ್ದೂ

ದೊಡ್ಡ ಕರುಳಿನ ಅರ್ಬುದರೋಗವು ಬಹುಮಟ್ಟಿಗೆ ಒಮ್ಮೆಲೇ ಹುಟ್ಟತಕ್ಕುದಲ್ಲ. ಮೊದಲು ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಮಾಂಸಾಂಕುರವೇಳುವುದು. ಅಂಥವುಗಳಲ್ಲಿ ಕೆಲವು ವರ್ಷಗಳು ಕಳೆದಂತೆ ಅರ್ಬುದವಾಗಿ ಪರಿಣಮಿಸುವುವು. ಕೆಲವು ವಂಶಗಳಲ್ಲಿ ಈ ಅಂಕುರಗಳು ಎಳೆಯ ಪ್ರಾಯದಲ್ಲಿಯೇ ನೂರಾರಾಗಿ ತೋರುವುದುಂಟು. ಅಂತಹ ಮನೆತನದವರಿಗೆ ಕರುಳನ್ನು ಕತ್ತರಿಸಿ ತೆಗೆಯುವುದೇ ಮುಖ್ಯ ರಕ್ಷೆಯಾಗಿತ್ತು. ಆದುದರಿಂದ ಗುಳಿಗೆಯಿಂದಲೂ ಅಂಕುರಗಳು ಅಡಗುವುವೆಂಬ ವಾರ್ತೆಯು 1983ರಲ್ಲಿ ಹೊರಬಿದ್ದಾಗ ವೈದ್ಯಲೋಕವು ಕಿವಿಗೊಟ್ಟುದು ಸಹಜವೇ ಸರಿ.

ಅಮೆರಿಕಾದ ಶಸ್ತ್ರವೈದ್ಯ ವ್ಯಾಡೆಲರು ಸುಲಿಂಡಾಕ್ ಎಂಬ ಕೀಲುನೋವಿನ ಔಷಧವನ್ನು ಇಂತಹ ಕೆಲವರಿಗೆ ಕೊಟ್ಟು ಈ ಫಲವನ್ನು ಕಂಡಿದ್ದರು. ಬಾಲ್ಟಿಮೋರಿನ ಜಿಯಾರ್ಡಿಯೆಲ್ಲೋ ಮೊದಲಾದವರು ಅದನ್ನು 22 ಜನರಲ್ಲಿ ಒರೆಗೆ ಹಚ್ಚಿದರು. 1993ರ ಅವರ ವರದಿಯಂತೆ, ಒಂಬತ್ತು ತಿಂಗಳು ಔಷಧವನ್ನು ಸೇವಿಸಿದವರಲ್ಲಿ ಅಂಕುರಗಳ ಸಂಖ್ಯೆಯು ಮೊದಲಿದ್ದುದರಲ್ಲಿ ನೂರಕ್ಕೆ 44ರಷ್ಟಕ್ಕೆ ಇಳಿಯಿತು. ನಿಲ್ಲಿಸಿದ ಮೂರು ತಿಂಗಳಲ್ಲಿ ಮತ್ತೆ ಏರಿತು. ತಾರ್ಕಿಕರು ಹೇಳುವ ಅನ್ವಯ ವ್ಯತಿರೇಕಗಳೆರಡೂ ಇಲ್ಲಿ ಕೂಡಿಬಂದುವು. ಆದರೆ ಯಾರೊಬ್ಬರಲ್ಲಿಯೂ ಅಂಕುರಗಳು ನಿಶ್ಶೇಷವಾಗಲಿಲ್ಲ.

ಆಸ್ಪಿರಿನ್ ಮೊದಲಾದ ಇಂತಹ ಔಷಧಗಳು ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯದ ಉತ್ಪತ್ತಿಯನ್ನು ತಡೆಯುವುವೆಂದು ಇಂಗ್ಲೆಂಡಿನ ಜಾನ್ ವೇನರು 1971ರಲ್ಲಿಯೇ ತೋರಿಸಿದ್ದರು. ಆ ಉತ್ಪತ್ತಿಗೆ ಸಾಧಕವಾದ ಕಿಣ್ವಗಳು ಎರಡು. ಒಂದು ಜಠರದ ಒಳಪೊರೆಯನ್ನು ಕಾಯುವುದು. ಇನ್ನೊಂದು ಉರಿಯೂತದಲ್ಲಿಯೂ ಕರುಳಿನ ಅಂಕುರಗಳಲ್ಲಿಯೂ ಹೆಚ್ಚುವುದು. ಎರಡನೆಯದನ್ನೇ ಆರಿಸಿ ತಡೆದರೆ ಜಠರಕ್ಕೆ ಹುಣ್ಣಿನ ಭಯವು ಕಡಿಮೆಯಾಗುವುದೆಂದು ಎಣಿಸಿ, ಕೀಲುನೋವಿಗಾಗಿ ಬಂದಿದ್ದ ರೋಫೆಕಾಕ್ಸಿಬ್ ಎಂಬ ಹೊಸ ಔಷಧವನ್ನು, ಹಿಂದೆ ಅಂಕುರಗಳಿದ್ದ 2,586 ಜನರಲ್ಲಿ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಬರಿಯ ಹುಸಿಗುಳಿಗೆ.

ಅಂಕುರಗಳು ಮರುಕಳಿಸುವುದು ಕಡಿಮೆಯಾಯಿತು, ನಿಜ. ಆದರೆ ಔಷಧ ಸೇವಿಸಿದವರಲ್ಲಿ 46 ಮಂದಿಗೂ ಉಳಿದವರಲ್ಲಿ 26 ಮಂದಿಗೂ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ರಕ್ತನಾಳದ ವಿಪತ್ತುಗಳು ಸಂಭವಿಸಿದುವು. 2004ರ ಸೆಪ್ಟೆಂಬರ್ 30ರಂದು ತಯಾರಕರು ಔಷಧವನ್ನು ಲೋಕದ ಪೇಟೆಗಳಿಂದಲೇ ಹಿಂದೆಗೆದುಕೊಂಡರು.

ಕೊನೆಗೆ ಆದರಕ್ಕೆ ಪಾತ್ರವಾದುದು ಹಳೆಯ ಆಸ್ಪಿರಿನ್ನೇ. ಲಿಂಚ್ ಎಂಬ ವಂಶಪಾರಂಪರ್ಯ ದೋಷವುಳ್ಳ 861 ಜನರಲ್ಲಿ ಜಾನ್ ಬರ್ನ್ ಮೊದಲಾದವರು ನಡೆಸಿದ ಪರೀಕ್ಷೆಯಲ್ಲಿ, ದಿನಕ್ಕೆ 600 ಮಿಲಿಗ್ರಾಂ ಸೇವಿಸಿದವರಿಗೆ ಕರುಳಿನ ಅರ್ಬುದವು ಕಡಿಮೆಯಾದುದು 2011ರಲ್ಲಿ ಪ್ರಕಟವಾಯಿತು. ಈ ಫಲವು ಕಾಣಿಸಿಕೊಂಡುದು ವರ್ಷಗಳು ಕಳೆದ ಮೇಲೆಯೇ. ಆದರೆ ಆಸ್ಪಿರಿನ್ನಿಗೂ ರಕ್ತಸ್ರಾವವೆಂಬ ದೋಷವುಂಟು.

ಹಾಸಿಗೆ ಹಿಡಿದವನು ಔಷಧದ ದೋಷವನ್ನು ಸಹಿಸಿಯಾನು. ನಾಳೆಯ ರೋಗಕ್ಕೆ ಅಂಜಿ ಇಂದು ಗುಳಿಗೆ ನುಂಗುವ ಸ್ವಸ್ಥನು ಅದನ್ನೇಕೆ ಸಹಿಸಬೇಕು? ಯಾರಿಗೆ ರೋಗಭಯವು ಅಧಿಕವೋ ಅವರಿಗೆ, ವೈದ್ಯರ ಕಣ್ಣಳವಿನಲ್ಲಿ ಮಾತ್ರವೇ ಈ ಮದ್ದು ಸಲ್ಲತಕ್ಕುದೆಂಬುದು ಈ ಚರಿತ್ರೆಯಿಂದ ಸಿದ್ಧವಾದ ಮಾತು.